ಬರೀ ಸಲಹೆಯಲ್ಲ

ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳ (ಎರಡು ವರ್ಷದ ಸಾರ್ವಜನಿಕ ಕಾಲೇಜುಗಳ) ಆಡಳಿತದಲ್ಲಿ ಅಧ್ಯಾಪಕರದು ಬರೀ ಸಲಹೆಯ ಪಾತ್ರ ಎಂದು ಲೇಖನವೊಂದರಲ್ಲಿ ಅದರ ಲೇಖಕರು ದೂರಿದ್ದಾರೆ. ಅಲ್ಲಿ ಅರೆಕಾಲಿಕವಾಗಿ ಪಾಠ ಹೇಳುವ ನನಗೆ ಇದು ಅರ್ಧಸತ್ಯವೆನಿಸುತ್ತದೆ. ಆ ರಾಜ್ಯದ 1988ರ ಎಬಿ 1725 ಎಂಬ ಕಾಯ್ದೆಯ ಫಲವಾಗಿ ‘10+1’ ಎಂದೇ ಹೆಸರಾದ ವಿಷಯಪಟ್ಟಿಯೊಂದು ಬಂತು. ಅದರಲ್ಲಿರುವ ಪಠ್ಯಕ್ರಮ, ಪದವಿಯ ಅರ್ಹತೆ, ಗ್ರೇಡ್ ನೀತಿಯಂಥ ಸಂಗತಿಗಳಲ್ಲಿ ಆಡಳಿತ ಮಂಡಳಿಯು ಒಂದೋ ಅಧ್ಯಾಪಕರ ಪ್ರತಿನಿಧಿ ಸಭೆಯಾದ ಅಕಾಡೆಮಿಕ್ ಸೆನೆಟ್‌ನ ಅಭಿಪ್ರಾಯವನ್ನೇ ಮುಖ್ಯವಾಗಿ ನೆಚ್ಚಬೇಕು, ಇಲ್ಲವೇ ಅದರೊಡನೆ ಒಮ್ಮತಕ್ಕೆ ಬರಬೇಕು. ಮೊದಲ ಬಗೆಯಲ್ಲಿ ಶಿಫಾರಸನ್ನು ತಳ್ಳಿಹಾಕಲು ಅಸಾಧಾರಣ ಸನ್ನಿವೇಶವೂ ಬಲವಾದ ಕಾರಣವೂ ಬೇಕು; ಸೆನೆಟ್ ಕೇಳಿದರೆ ಆ ಕಾರಣವನ್ನು ಬರೆದೇ ಕೊಡಬೇಕು. ಇದನ್ನು ಬರೀ ಸಲಹೆ ಎನ್ನಲಾದೀತೇ?

ಹಾಗೆಂದು ಎಲ್ಲವೂ ಸೆನೆಟ್‌ನ ಕೈಯಲ್ಲಿಲ್ಲ. ಬಜೆಟ್ ರೂಪಿಸುವ ‘ಪ್ರಕ್ರಿಯೆ’ ಮಾತ್ರ ಪಟ್ಟಿಯಲ್ಲಿದೆ, ಬಜೆಟ್ ಅಲ್ಲ. ಸಂಬಳದ ಚೌಕಾಸಿ ನೌಕರರ ಸಂಘಟನೆಗಳ ಪಾಲು. ಗುಮಾಸ್ತರು, ಪ್ರಯೋಗಾಲಯದ ತಂತ್ರಜ್ಞರು ಮೊದಲಾದ ಸಿಬ್ಬಂದಿಗೆ ಸಿಕ್ಕಿರುವುದು ‘ಪರಿಣಾಮಕಾರಿಯಾಗಿ ಭಾಗವಹಿಸುವ ಅವಕಾಶ’ವಷ್ಟೇ. ಲೇಖಕರ ದೂರು ನಿಜವಾಗಿ ಹೊಂದುವುದು ಇವರಿಗೆ.

ಇನ್ನು ನಮ್ಮಂಥವರ ಪಾಡು: ಸೆನೆಟ್ ಸಭೆ ನಡೆಯುವ ಮಧ್ಯಾಹ್ನ ನಾನು ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಕಾರು ಓಡಿಸುತ್ತಿರುತ್ತೇನೆ. ಸಭೆಯ ನಡಾವಳಿಯನ್ನು ರಾತ್ರಿ ಊಟವಾದ ಮೇಲೆ ಓದುತ್ತೇನೆ.