ಭಾವನ ಕೈಹಲುಬೆ

ಹಿರಿಯಡ್ಕದಲ್ಲಿ ಅಕ್ಕನ ಮನೆಯ ಅಂಗಳಕ್ಕೆ ಮಕರ ಸಂಕ್ರಮಣ ಕಳೆದ ಮೇಲೆ ಉದುರುವ ತರಗೆಲೆಗಳಲ್ಲಿ ಒಂದರ ಗುಣ ಇನ್ನೊಂದಕ್ಕಿಲ್ಲ. ಹಲಸಿನ ಎಲೆ ಒಣಗಿದೊಡನೆ ಮುದುರಿ ಉರುಳುತ್ತದೆ, ಮಾವಿನ ಎಲೆ ಯಾವ ಸಂದಿ ಸಿಕ್ಕಿದರೂ ಉದ್ದಕ್ಕೆ ನುಸುಳುತ್ತದೆ, ಹುಣಸೆಯದ್ದನ್ನಂತೂ ಕೇಳುವುದೇ ಬೇಡ. ನಿವೃತ್ತ ಇಂಜಿನಿಯರಾದ ಭಾವ ಇವೆಲ್ಲವನ್ನೂ ಒಂದೇ ಕೈಹಲುಬೆಯಿಂದ, ಅಂದರೆ ಕೈಯಲ್ಲಿ ಹಿಡಿದೆಳೆಯುವ ಹಲ್ಲುಗಳ ಸಲಕರಣೆಯಿಂದ, ಗೋರಬಹುದೆಂದು ಸಾರಿದ ದಿನದಿಂದ ಅಕ್ಕನ ಹಿಡಿಸೂಡಿಗೆ ಕಡ್ಡಾಯ ವಿಶ್ರಾಂತಿ ದೊರೆಯಿತು.

ಮೊದಲ ಹಲುಬೆಗೆ ಹಲ್ಲುಗಳಾದದ್ದು ಹಳೆಯ ಕೊಡೆಯ ಕಡ್ಡಿಗಳು. ಬಾಗಿ ಮತ್ತೆ ನೆಟ್ಟಗಾಗುವ ಉಕ್ಕು ನೆಲದ ಉಬ್ಬುತಗ್ಗಿಗೆ ಹೊಂದಿಕೊಳ್ಳುತ್ತದೆಂಬ ಭಾವನ ತರ್ಕ ಸರಿಯಾಗಿಯೇ ಇತ್ತು; ಆದರೆ ನಮ್ಮದು ಮುರಕಲ್ಲಿನ ನೆಲವಾದ್ದರಿಂದ, ಹರಳಿಗೆ ಸಿಕ್ಕಿಕೊಂಡು ಬಾಗಿದ ಕಡ್ಡಿ ನೆಟ್ಟಗಾಗುವಾಗ ಆ ಹರಳನ್ನೂ ಜೊತೆಗೆ ಹಾರಿಸಿತು. ಅದು ಜಗಲಿಯಲ್ಲಿ ಕುಳಿತಿದ್ದ ನೆಂಟರ ಚಹಾದ ಲೋಟದೊಳಗೆ ಬಿದ್ದುದಕ್ಕೆ ಭಾವ ಕ್ಷಮೆ ಕೇಳುವ ಮೊದಲು ದೂರವನ್ನು ಅಳೆದರು.

ಹಾಗಾಗಿ ಎರಡನೆಯದನ್ನು ಆಚಾರ್ರ ಕುಲುಮೆಯಲ್ಲಿ ಗಟ್ಟಿ ಸರಳಿನಿಂದ ಮಾಡಿಸಲಾಯಿತು. ಹಲ್ಲಿನ ತುದಿಯನ್ನು ಹೆಚ್ಚು ಬಗ್ಗಿಸಿದರೆ ನೆಲವನ್ನು ಅಗೆಯುತ್ತದೆ, ಕಡಿಮೆ ಬಗ್ಗಿಸಿದರೆ ಎಲೆಯ ಮೇಲೆ ಜಾರಿ ಹೋಗುತ್ತದೆ. ಇವೆರಡರ ನಡುವಿನ ಕೋನ ದೊರೆಯುವಷ್ಟರಲ್ಲಿ ಸೆಗಣಿ ಸಾರಿಸಿದ್ದ ಅಂಗಳದ ತುಂಬ ಗೀರುಗಳೆದ್ದಿದ್ದವು. ಅವನ್ನು ನೋಡಿದ ಅಕ್ಕ, ಬಿತ್ತುವುದು ಅಲಸಂಡೆಯನ್ನೋ ಹುರುಳಿಯನ್ನೋ ಎಂದು ವಿಚಾರಿಸಿದಳು. ಹಲ್ಲುಗಳ ಅಂತರ ಒಂದು ಇಂಚು ಇದ್ದಾಗ ಮಾವಿನ ಎಲೆ ತಪ್ಪಿಸಿಕೊಳ್ಳುತ್ತಿತ್ತು, ಅರ್ಧ ಇಂಚಿಗಿಳಿಸಿದಾಗ ಹರಳೂ ಕೂಡಿ ಬರುತ್ತಿತ್ತು.

ಹಿಡಿಯ ಉದ್ದವನ್ನು ನಿರ್ಧರಿಸಿದ್ದು ಮಾತ್ರ ಮರದ ಎಲೆಗಳನ್ನು ಹೆಣೆದು ಗೂಡು ಕಟ್ಟುವ ಚಗಳಿ ಇರುವೆಗಳು. ಗೇಣುದ್ದದ ಹಿಡಿ ಸಾಕೆಂದು ಕುಕ್ಕರುಗಾಲಿನಲ್ಲಿ ಕುಳಿತು ಗೋರುತ್ತಿದ್ದ ಭಾವ, ಗಾಳಿಗೆ ಬಿದ್ದಿದ್ದ ಎಲೆಗೂಡೊಂದನ್ನು ತರಗೆಲೆಯೆಂದೇ ಬಗೆದು ಎಳೆದುಕೊಂಡರು. ಚಗಳಿ ಬರಿದೆ ಕಚ್ಚಿ ಬಿಡುವ ಜಾತಿಯಲ್ಲ, ಕಚ್ಚಿದ ಗಾಯಕ್ಕೆ ಫಾರ್ಮಿಕ್ ಆಮ್ಲವನ್ನೂ ಚಿಮ್ಮಿಸುತ್ತದೆ. ತರಗೆಲೆಯ ಅಡಿಯಲ್ಲಿ ಕೊಳಕುಮಂಡಲವೂ ಮಲಗಿರಬಹುದೆಂದು ನಾನು ಎಷ್ಟು ಸಲ ಹೇಳಿದರೂ ಬೆಳೆಯದ ಹಿಡಿ ಅಂದು ಸಂಜೆಯೊಳಗೆ ಮೊಳದುದ್ದವಾಯಿತು.

ಹೊಸ ಹಲುಬೆ ಒಣ ಎಲೆಯನ್ನು ಚೆನ್ನಾಗಿಯೇ ಗೋರುತ್ತದೆ, ಅದನ್ನು ಒಪ್ಪಲೇಬೇಕು. ತೊಂದರೆ ಶುರುವಾದದ್ದು ಬೇಸಗೆ ಮುಗಿಯುವ ಪತ್ತನಾಜೆಯ ಹೊತ್ತಿನ ಮಳೆಗೆ. ಒದ್ದೆಯಾದ ಹಲಸಿನ ಎಲೆಗಳು ಕಡುಬಿನ ಕೊಟ್ಟೆ ಕಟ್ಟಲು ಚುಚ್ಚಿಟ್ಟಂತೆ ಹಲ್ಲುಗಳಿಗೆ ಸಾಲಾಗಿ ಪೋಣಿಸಿಕೊಂಡವು. ಎರಡು ಸಲ ಎಳೆದರೆ ಒಮ್ಮೆ ಕುಳಿತು ಎಲೆ ಬಿಡಿಸಬೇಕಾಯಿತು.

"ಇದರ ಹಲ್ಲು ಗೋರುವುದಕ್ಕೆ ಇನ್ನೊಂದು ಹಲುಬೆ ಮಾಡಿಸಿ" ಎಂದಳು ಅಕ್ಕ.

ಭಾವ ಅದನ್ನು ಸಲಹೆಯೆಂದೇ ಸ್ವೀಕರಿಸಿದರು. ಹಿಡಿಯ ಗುಂಡಿಯನ್ನು ಒತ್ತಿದರೆ ಹಲ್ಲುಗಳ ನಡುವೆ ಜಾರಿ ಎಲೆಗಳನ್ನು ಕೆಳಕ್ಕೆ ತಳ್ಳುವ ತಟ್ಟೆಯೊಂದರ ನಕ್ಷೆ ಸಿದ್ಧವಾಗಿದೆ. ಅದಕ್ಕೆ ಅಡಿಕೆಯ ಹಾಳೆ ಸಾಕೇ, ತಗಡೇ ಬೇಕೇ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಆಚಾರ್ರು ಫೋನು ಎತ್ತುತ್ತಿಲ್ಲ.