ಪೀಪ್ ಏರಿಸಿದ್ರೆ ಸಾಕಾ?
ಸರ್, ಆಪರೇಷನ್ ಟೈಮಲ್ಲಿ ವೆಂಟಿಲೇಟರ್‌ನಲ್ಲಿ ಪೀಪ್ (ಉಸಿರು ಬಿಟ್ಟ ಮೇಲೂ ಶ್ವಾಸಕೋಶದೊಳಗೆ ಉಳಿಸೋ ಒತ್ತಡ) ಜಾಸ್ತಿ ಇಟ್ಟಷ್ಟೂ ಶ್ವಾಸಕೋಶಕ್ಕೆ ಸೇಫ್ ಅಂತ ಬರ್ದಿದೀರಲ್ಲ, ಅದು ಪೂರ್ತಿ ಸರಿ ಅಲ್ಲ. ಹೀಗೆ ಒಳಗೆ ಸ್ವಲ್ಪ ಒತ್ತಡ ಉಳಿದ್ರೆ ಗಾಳಿಗೂಡುಗಳು ಮುಚ್ಕೊಳಲ್ಲ, ಅದು ನಿಜ, ಆದ್ರೆ 2014ರ ಪ್ರೊವಿಲೋ ಟ್ರಯಲ್‌ನಲ್ಲಿ ಹೊಟ್ಟೆ ಆಪರೇಷನ್‌ಗೆ ಪೀಪ್ 12 ಸೆಂಟಿಮೀಟರ್ (ನೀರಿನ ಒತ್ತಡದ ಲೆಕ್ಕದಲ್ಲಿ) ಇಟ್ಟು ನೋಡಿದ್ರು, 2ರ ಒಳಗೆ ಇಟ್ಟೋರಿಗಿಂತ ಶ್ವಾಸಕೋಶದ ತೊಂದ್ರೆ ಏನೂ ಕಮ್ಮಿ ಆಗ್ಲಿಲ್ಲ, ಬಿಪಿ ಬೀಳೋದು ಮಾತ್ರ ಜಾಸ್ತಿ ಆಯ್ತು. ನನ್ ಪ್ರಕಾರ ಕಣ್ಣಿಡ್ಬೇಕಾದ್ದು ಡ್ರೈವಿಂಗ್ ಪ್ರೆಶರ್ ಮೇಲೆ, ಅಂದ್ರೆ ಪ್ಲಾಟೂ ಪ್ರೆಶರ್‌ನಲ್ಲಿ (ಉಸಿರು ಒಳಗೆ ತುಂಬಿ ಒಂದು ಕ್ಷಣ ನಿಲ್ಸಿದಾಗ ಇರೋ ಒತ್ತಡ) ಪೀಪ್ ಕಳೆದ್ರೆ ಬರೋದು. ಟೈಡಲ್ ವಾಲ್ಯೂಮ್ (ಒಂದೊಂದು ಉಸಿರಿಗೆ ಕೊಡೋ ಗಾಳಿ) ಬದಲಾಯಿಸ್ದೆ ಪೀಪ್ ಏರಿಸಿದಾಗ ಇದು ಇಳಿದ್ರೆ ಮುಚ್ಚಿದ ಭಾಗ ತೆರ್ಕೊಂಡಿರ್ಬೋದು, ಏರಿದ್ರೆ ಅತಿಯಾಗಿ ಹಿಗ್ತಿದೆ ಅಂತ ಅನುಮಾನ ಪಡ್ಬೇಕು. ಇನ್ನೊಂದು, ಟೈಡಲ್ ವಾಲ್ಯೂಮ್ ಕೆಜಿಗೆ 6-8 ಎಂಎಲ್ ಅನ್ನೋ ಲೆಕ್ಕ ತಕ್ಕಡಿ ತೋರ್ಸೋ ತೂಕಕ್ಕಲ್ಲ (ಇದನ್ನ ಬಿಟ್ಟೇಬಿಟ್ಟಿದೀರಿ!), ಎತ್ತರ ಮತ್ತೆ ಗಂಡೋ ಹೆಣ್ಣೋ ನೋಡಿ ಲೆಕ್ಕ ಹಾಕೋ ತೂಕಕ್ಕೆ, ದಪ್ಪ ಆದ್ರೆ ಶ್ವಾಸಕೋಶ ದೊಡ್ದಾಗಲ್ವಲ್ಲ.