ಹಾಲು ನಿಲ್ಲಿಸದ ವರ್ಷ

ನಮ್ಮ ಮನೆಯ ಚರಿತ್ರೆಯೆಲ್ಲ ಅಡುಗೆಮನೆಯ ಗೋಡೆಗೆ ನೇತುಹಾಕಿದ ಕ್ಯಾಲೆಂಡರಿನಲ್ಲಿದೆ. ಗ್ಯಾಸ್ ಸಿಲಿಂಡರ್ ಬಂದ ದಿನ, ನಲ್ಲಿಯಲ್ಲಿ ನೀರು ಬಿಟ್ಟ ದಿನ, ನೆಂಟರ ಮನೆಯ ಗೃಹಪ್ರವೇಶ, ತಿಥಿ, ಎಲ್ಲವೂ ಅಲ್ಲಿ ದಾಖಲು. ಮನೆಗೆ ಬೀಗ ಹಾಕಿ ಊರಿಗೆ ಹೋಗುವ ದಿನಗಳ ಮೇಲೆ ಒಂದು ಅಡ್ಡಗೀಟು ಬೀಳುತ್ತದೆ. ಆ ದಿನ ಹಾಲು ಬೇಡ ಎಂದು ಅದರ ಅರ್ಥ. ತಿಂಗಳ ಕೊನೆಗೆ ಗೀಟುಗಳನ್ನು ಎಣಿಸಿ ಹಾಲಿನ ದುಡ್ಡು ಕಳೆಯುವುದು ಪದ್ಧತಿ. ಡಿಸೆಂಬರ್ ಮುಗಿದ ಮೇಲೆ ಹಳೆಯದನ್ನು ಕೆಳಗಿಳಿಸಿ ಹಾಳೆ ತಿರುವಿದರೆ ಈ ಸಲ ಒಂದು ಗೀಟೂ ಇಲ್ಲ. ಹಾಲಿನವನ ಪಾಲಿಗೆ ನನ್ನಂಥ ಗಿರಾಕಿ ಇನ್ನೊಬ್ಬನಿರಲಾರ.

ಬೇರೆಯವರಿಗೆ ಮಾತ್ರ ಇದು ಅಷ್ಟು ರುಚಿಸುವುದಿಲ್ಲ. ಎದುರುಮನೆಯವರು ಮೊದಲು ಕಾಶಿಗೆ ಹೋಗಿಬಂದರು, ಆಮೇಲೆ ಬಾಲಿಗೆ. ಪುಣ್ಯ ಸಂಪಾದಿಸಿದ್ದೂ ಆಯಿತು, ಅದನ್ನು ಖರ್ಚು ಮಾಡಿದ್ದೂ ಆಯಿತು. "ನೀವು ಈ ವರ್ಷ ಎಲ್ಲಿಗೂ ಹೋಗಲೇ ಇಲ್ಲವೇ ಸಾರ್?" ಎಂದು ಅವರು ಕೇಳಿದ ಧಾಟಿಯಲ್ಲಿ, ಆಸ್ಪತ್ರೆಯ ಮಂಚದ ಪಕ್ಕ ಕುಳಿತು ಕೇಳುವವರ ಕನಿಕರವಿತ್ತು. ಇಲ್ಲ ಎಂದೆ. ಕಾರಣ ಹೇಳಲಿ ಎಂದು ಕಾದರು. ಕಾಲುನೋವೋ ಕೈಬಿಗಿಯೋ ಏನಾದರೊಂದು ಇದ್ದಿದ್ದರೆ ಅವರಿಗೂ ಸಮಾಧಾನವಾಗುತ್ತಿತ್ತು. ನನ್ನ ಬಳಿ ಅಂಥದ್ದೇನೂ ಇರಲಿಲ್ಲ.

ನಿಜ ಹೇಳಬೇಕೆಂದರೆ ತಿರುಗಾಟದ ನನ್ನ ಪಾಲನ್ನು ನಾನು ಕೆಲಸದಲ್ಲಿದ್ದಾಗಲೇ ಮುಗಿಸಿಬಿಟ್ಟಿದ್ದೇನೆ. ತುಮಕೂರಿನಿಂದ ಬೆಂಗಳೂರು ಸುಮಾರು 70 ಕಿಲೋಮೀಟರ್. ಬೆಳಗಿನ ರೈಲಿನಲ್ಲಿ ಹೋಗಿ ರಾತ್ರಿಯ ರೈಲಿನಲ್ಲಿ ಬರುವ ದೊಡ್ಡದೊಂದು ಪಂಗಡವೇ ನಮ್ಮೂರಿನಲ್ಲಿದೆ. ಕರವಸ್ತ್ರ ಹಾಸಿ ಸೀಟು ಹಿಡಿಯುವವರು, ಇಸ್ಪೀಟಿನವರು, ಕ್ಯಾತಸಂದ್ರ ದಾಟುವುದರೊಳಗೆ ಗೊರಕೆ ಹೊಡೆಯುವವರು. ನಾನು ಮೂರನೆಯ ಗುಂಪಿಗೆ ಸೇರಿದವನು. ಹಿರೇಹಳ್ಳಿ, ನಿಡವಂದ, ದೊಡ್ಡಬೆಲೆ ಎಂದು ಕಣ್ಣು ಮುಚ್ಚಿಕೊಂಡೇ ನಿಲ್ದಾಣ ಗುರುತಿಸುತ್ತಿದ್ದೆ. ಆದರೆ ನನ್ನದೇ ಮನೆಯಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಬಿಸಿಲು ಎಲ್ಲಿರುತ್ತದೆ ಎಂದು ಕೇಳಿದ್ದರೆ ಉತ್ತರ ಗೊತ್ತಿರಲಿಲ್ಲ. ಸಾಲ ತೀರಿಸಿ ಕಟ್ಟಿದ ಮನೆಯನ್ನು ನಾನು ಹಗಲು ಹೊತ್ತು ಸರಿಯಾಗಿ ನೋಡಿದ್ದು ಭಾನುವಾರಗಳಲ್ಲಿ ಮಾತ್ರ. ಅದೂ ನಿದ್ದೆಗಣ್ಣಿನಲ್ಲಿ.

ಈ ವರ್ಷ ನೋಡಿದೆ. ಜನವರಿಯಲ್ಲಿ ದಕ್ಷಿಣದ ಹಜಾರದೊಳಕ್ಕೆ ಬಿಸಿಲು ಅರ್ಧ ಕೋಣೆಯವರೆಗೆ ಬಂದು ಕೂರುತ್ತದೆ. ಸಂಕ್ರಾಂತಿಯ ಎಳ್ಳುಬೆಲ್ಲಕ್ಕೆ ಕೊಬ್ಬರಿ ಹೆಚ್ಚುವಾಗ ಬೆನ್ನು ಕಾಯಿಸಿಕೊಳ್ಳಲು ಅಲ್ಲಿ ಬಲು ಚೆನ್ನ. ಶಿವರಾತ್ರಿಯ ಹೊತ್ತಿಗೆ, ಸಿದ್ಧಗಂಗೆಯ ದನದ ಜಾತ್ರೆ ಸೇರುವಷ್ಟರಲ್ಲಿ, ಅದು ಕಿಟಕಿಯ ಕಡೆಗೆ ಹಿಂದೆಗೆಯುತ್ತದೆ. ಏಪ್ರಿಲ್ ಕೊನೆಯ ವಾರ ಸೂರ್ಯ ನಮ್ಮ ನೆತ್ತಿಯ ಮೇಲೇ ಬರುತ್ತಾನೆ. ನಡುಮಧ್ಯಾಹ್ನ ಅಂಗಳದ ತುಳಸಿಕಟ್ಟೆಯ ನೆರಳನ್ನು ಅದರ ಬುಡದಲ್ಲೇ ಹುಡುಕಬೇಕು. ಅಲ್ಲಿಂದಾಚೆ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನಮಗಿಂತ ಉತ್ತರಕ್ಕಿರುತ್ತಾನೆ. ನಾವು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಅಂದರೆ ಕರ್ಕಾಟಕ ವೃತ್ತಕ್ಕಿಂತ ಕೆಳಗೆ ಇರುವುದರಿಂದ ಹೀಗೆ. ಭೂಗೋಳದ ಪುಸ್ತಕದಲ್ಲಿ ಇದನ್ನು ಓದಿ ಅಂಕ ತೆಗೆದಿದ್ದವನೇ ನಾನು. ಆದರೂ ಜೂನ್ ತಿಂಗಳ ಒಂದು ಸಂಜೆ, ಯಾವತ್ತೂ ಕತ್ತಲೆಯಿರುವ ಉತ್ತರದ ಸಾಮಾನು ಕೋಣೆಯ ಕಿಟಕಿಯಿಂದ ಓರೆಬಿಸಿಲು ಬಂದು ಉಪ್ಪಿನಕಾಯಿ ಜಾಡಿಯ ಮೇಲೆ ಬಿದ್ದದ್ದು ಕಂಡಾಗ ಯಾರೋ ಟಾರ್ಚ್ ಬಿಟ್ಟಿದ್ದಾರೆಂದು ಹೊರಗೆ ಹೋಗಿ ನೋಡಿಬಂದೆ. ಕೆಲವೇ ವಾರ ಬರುವ ಅತಿಥಿ ಅದು. ಮಳೆಮೋಡ ಇದ್ದರೆ ಅದೂ ಇಲ್ಲ.

ನೀರಿನದು ಇನ್ನೊಂದು ಕಥೆ. ನಲ್ಲಿಯಲ್ಲಿ ನೀರು ದಿನವೂ ಬರುವುದಿಲ್ಲ. ಬರುವ ದಿನವೂ ಹೊತ್ತುಗೊತ್ತು ನೋಡಿ ಬರುವುದಿಲ್ಲ. ಕೆಲಸದಲ್ಲಿದ್ದಾಗ ಇದು ನನ್ನ ಪಾಲಿಗೆ ಕೇಳಿದ ಸುದ್ದಿ ಮಾತ್ರ. ಈಗ ನೀರುಗಂಟಿ ಬೀದಿಯ ಕೊನೆಯಲ್ಲಿ ವಾಲ್ವ್ ತಿರುಗಿಸಿದ ಐದು ನಿಮಿಷಕ್ಕೆ ಪೈಪಿನೊಳಗೆ ಗಾಳಿ ಸೀಟಿ ಹಾಕುವುದು, ಆಮೇಲೆ ಕೆಮ್ಮುವುದು, ಆಮೇಲೆ ಕೆಂಪು ನೀರು, ಆಮೇಲೆ ತಿಳಿನೀರು ಬರುವುದು ಎಲ್ಲ ನನಗೆ ಕಂಠಪಾಠ. ಮೂಡಿಗೆರೆಯ ಕಡೆಯ ಬೆಟ್ಟಗಳಲ್ಲಿ ಹುಟ್ಟಿ, ಗೊರೂರಿನಲ್ಲಿ ನಿಂತು, ನಾಲೆ ಹಿಡಿದು ಬುಗುಡನಹಳ್ಳಿ ಕೆರೆಗೆ ಬಂದು, ಅಲ್ಲಿಂದ ನಮ್ಮ ಬೀದಿಗೆ ಇಳಿಯುವ ಹೇಮಾವತಿಯ ನೀರು ಅದು. ಅಷ್ಟು ದೂರದಿಂದ ಬರುವವಳು ಬಂದಾಗ ಮನೆಯಲ್ಲಿ ಯಾರಾದರೂ ಇರಬೇಡವೇ? ಸಂಪಿನ ಮುಚ್ಚಳ ತೆಗೆದು ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಗಂಗಾಸ್ನಾನದ ಫೋಟೊಗಳನ್ನು ಎದುರುಮನೆಯವರು ತೋರಿಸಿದಾಗ ಹೇಮಾವತಿಯನ್ನೂ ಹೇಳಬೇಕೆನಿಸಿತ್ತು, ಹೇಳಲಿಲ್ಲ.

ತಿನ್ನುವ ವಿಷಯದಲ್ಲಂತೂ ಮನೆಯಲ್ಲಿದ್ದವನೇ ಜಾಣ. ಬೇಸಿಗೆ ಕಳೆಯುವ ಹೊತ್ತಿಗೆ ಗುಬ್ಬಿ ತಾಲ್ಲೂಕಿನ ಚೇಳೂರಿನ ಕಡೆಯ ಹಲಸು ತಳ್ಳುಗಾಡಿಯಲ್ಲಿ ಬಾಗಿಲಿಗೆ ಬಂದಿತು. ಒಮ್ಮೆ ತಾಮ್ರಗೆಂಪು ತೊಳೆಯದೂ ಸಿಕ್ಕಿತು. ಆ ಬಣ್ಣ ನೋಡಿದ ಮೇಲೆ ಹಳದಿ ತೊಳೆ ಸಪ್ಪೆಯೆನಿಸುತ್ತದೆ, ರುಚಿಯಲ್ಲಿ ಅಂಥ ವ್ಯತ್ಯಾಸವಿಲ್ಲದಿದ್ದರೂ. ಚಳಿಗಾಲಕ್ಕೆ ಅವರೆಕಾಯಿ. ಇದರ ಬಗ್ಗೆ ನನಗೆ ಖಚಿತ ಅಭಿಪ್ರಾಯಗಳಿವೆ. ಸೊಗಡು ಕೈಗೆ ಅಂಟದ ಅವರೆ ಅವರೆಯೇ ಅಲ್ಲ. ಸುಲಿದು ಪೊಟ್ಟಣ ಕಟ್ಟಿ ಮಾರುವ ಕಾಳು ಸೋಮಾರಿಗಳಿಗೆ. ಹುಳು ಕಂಡಾಗ ಕಿರುಚುವವರು ಸುಲಿಯಲು ಕೂರಬಾರದು. ನೆನೆಸಿದ ಕಾಳನ್ನು ಬೆರಳ ತುದಿಯಲ್ಲಿ ಒತ್ತಿ ಸಿಪ್ಪೆಯಿಂದ ಬೇಳೆ ಹಾರಿಸುವ ಕೆಲಸಕ್ಕೆ ಒಂದು ಇಡೀ ಮಧ್ಯಾಹ್ನ ಬೇಕು. ಹಿದುಕಿದ ಬೇಳೆಯ ಸಾರು, ಬಿಸಿ ಮುದ್ದೆ. ಇಷ್ಟಕ್ಕೆ ಬೇಕಾದ ಬಿಡುವು ಕೆಲಸವಿದ್ದಷ್ಟು ಕಾಲ ನನಗೆ ಸಿಕ್ಕಿರಲಿಲ್ಲ.

ಹತ್ತಿರದ ದೇವರಾಯನದುರ್ಗಕ್ಕಾದರೂ ಹೋಗಬಹುದಿತ್ತು ಎನ್ನುತ್ತಾರೆ. ತಾರಸಿಯ ಮೇಲೆ ನಿಂತರೆ, ಬಟ್ಟೆ ಒಣಹಾಕಿರದಿದ್ದರೆ, ಬೆಟ್ಟದ ಸಾಲು ಕಾಣುತ್ತದೆ. ಅಲ್ಲಿ ಹುಟ್ಟುವ ಶಿಂಷಾ ಕಾವೇರಿಯನ್ನು ಸೇರುತ್ತದೆ, ಜಯಮಂಗಲಿ ಉತ್ತರಕ್ಕೆ ಹೊರಟು ಪಿನಾಕಿನಿಯನ್ನು ಸೇರುತ್ತದೆ. ಎರಡು ನದಿಗಳನ್ನು ಎರಡು ದಿಕ್ಕಿಗೆ ಕಳಿಸಿಕೊಟ್ಟು ತಾನು ಮಾತ್ರ ಅಲ್ಲಾಡದೆ ಕುಳಿತ ಬೆಟ್ಟವನ್ನು ಕಂಡರೆ ನನಗೆ ಸ್ವಂತದವರಂಥ ಸಲುಗೆ. ಅದು ನನ್ನನ್ನು ನೋಡಲು ಬರುವುದಿಲ್ಲ, ನಾನೂ ಹೋಗಲಿಲ್ಲ.

ಇದನ್ನೆಲ್ಲ ಒಂದು ಸಂಜೆ ನನ್ನಾಕೆಗೆ ತುಂಬಾ ಹಿಗ್ಗಿನಿಂದ ಹೇಳಿದೆ. ಎಷ್ಟು ನೆಮ್ಮದಿಯ ವರ್ಷ ನೋಡು, ಒಂದು ಗೀಟೂ ಇಲ್ಲ ಎಂದೆ. ಕಾಫಿಯ ಲೋಟ ಮುಂದಿಟ್ಟು, "ನೀವು ಇದ್ದಿರಿ, ಅದಕ್ಕೇ ಹಾಲು ನಿಲ್ಲಿಸಲಿಲ್ಲ" ಎಂದಳು. ಸರಿಯೇ. 2023ರ ಜೂನ್‌ನಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾದಾಗಿನಿಂದ ಅವಳೂ ಅವಳ ಅಕ್ಕತಂಗಿಯರೂ ನೋಡದೆ ಬಿಟ್ಟ ದೇವರು ಕಡಿಮೆ. ಈ ವರ್ಷವೂ ಧರ್ಮಸ್ಥಳ, ಕುಕ್ಕೆ, ಶೃಂಗೇರಿ, ಹೊರನಾಡು ಎಲ್ಲ ಆಯಿತು. ಮನೆಯಲ್ಲಿದ್ದು ವರ್ಷ ಕಳೆದದ್ದು ನಾನು. ಅವಳು ಅದನ್ನು ಅನುಕೂಲವೆಂದು ಬಳಸಿಕೊಂಡಳು. ಕಾಯುವವರಿಲ್ಲದ ಮನೆ ಬಿಟ್ಟು ನಾಲ್ಕು ದಿನ ತಿರುಗುವುದು ಹಿಂದೆಲ್ಲ ಆಗುತ್ತಿರಲಿಲ್ಲವಂತೆ.

ಹೊಸ ಕ್ಯಾಲೆಂಡರನ್ನು ಮೊಳೆಗೆ ಸಿಕ್ಕಿಸಿದ್ದೇ ತಡ, ಅಕ್ಕನಿಂದ ಫೋನು ಬಂದಿತು. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಯಂತೆ. "ಇವರು ಮನೆಯಲ್ಲೇ ಇರುತ್ತಾರೆ, ನೀನು ಹೊರಡು ಅಕ್ಕ, ನಾನು ಬಂದೆ" ಎಂದು ಅವಳು ನನ್ನನ್ನು ಕೇಳದೆಯೇ ಒಪ್ಪಿಕೊಂಡಳು. ಫೋನಿಟ್ಟು ನನ್ನ ಕಡೆ ತಿರುಗಿ, ಮೊಸರಿಗೆ ಹೆಪ್ಪು ಹಾಕುವುದು ಯಾವಾಗ, ನೀರು ಬಂದರೆ ಮೊದಲು ತುಂಬಬೇಕಾದ ಕೊಡಪಾನ ಯಾವುದು ಎಂದು ಹೇಳತೊಡಗಿದಳು. ಅವರೆಕಾಯಿ ತಂದಿಟ್ಟು ಹೋಗು, ನಾಲ್ಕು ದಿನ ಸುಲಿದುಕೊಂಡಿರುತ್ತೇನೆ ಎಂದೆ.